ಕೊಪ್ಪರಿಗೆ ಹೊಟ್ಟೆಯ ಗಾಡಿ

ಹೊಸ ಗಾಡಿಯ ಚಕ್ರದ ಮುಂದೆ ಯಾರಾದರೂ ನಿಂಬೆಹಣ್ಣು ಇಡಲು ಬಗ್ಗಿದರೆ ನಾನು ಈಗಲೂ ಎದ್ದು ಆಚೆ ಹೋಗುತ್ತೇನೆ. ನನ್ನ ಮಗ ಸ್ಕೂಟರ್ ತಂದ ದಿನ ಪೂಜೆ ಮುಗಿಯುವವರೆಗೂ ಬೀದಿಯ ಕೊನೆಯ ಮನೆಯ ಜಗಲಿಯ ಮೇಲೆ ಕೂತಿದ್ದೆ. ಓದಿದವರಿಗೆ ದೇವರಲ್ಲಿ ನಂಬಿಕೆ ಇರುವುದಿಲ್ಲ ಎಂದು ನೆರೆಯವರು ಆಡಿಕೊಂಡರಂತೆ. ನಂಬಿಕೆಗೂ ಇದಕ್ಕೂ ಸಂಬಂಧವಿಲ್ಲ. ನನಗೆ ಆಗದಿರುವುದು ಆ ನಿಂಬೆಹಣ್ಣಿನ ಪಕ್ಕದಲ್ಲಿ ಉರಿಯುವ ಕರ್ಪೂರ. ಅದರ ವಾಸನೆ ಬಂದರೆ ಸಾಕು, ಬಲಗೈ ತಾನಾಗಿಯೇ ಮುಂದಕ್ಕೆ ಚಾಚಿಕೊಂಡು, ಯಾರೋ ಕೊಡದೆ ಇಟ್ಟುಕೊಂಡ ಸ್ಪ್ಯಾನರಿಗಾಗಿ ಬೆರಳು ಬಿಡಿಸುತ್ತದೆ.

ಕೊಡದೆ ಇಟ್ಟುಕೊಂಡವರು ನನ್ನ ಭಾವ. ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಮಂಡ್ಯದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್‌ಸಿ. ಮುಗಿಸಿದ್ದ ನಾನು ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕೆರಗೋಡಿನ ನಮ್ಮ ಮನೆಯಲ್ಲಿ ಕಾಯುತ್ತಿದ್ದೆ. ಅಕ್ಕನನ್ನು ಚಿಕ್ಕರಸಿನಕೆರೆಯ ಮಗ್ಗುಲಿನ ಒಂದು ಊರಿಗೆ ಕೊಟ್ಟಿತ್ತು. ಭಾವ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ, ಗಡಿಯ ಹತ್ತಿರದ ಒಂದು ಮಣ್ಣು ರಸ್ತೆಯಲ್ಲಿ, ಅವರ ಲಾರಿಯ ಎಡಗಡೆಯ ಚಕ್ರ ನೆಲದಲ್ಲಿ ಹೂತಿದ್ದ ಸಿಡಿಮದ್ದಿನ ಮೈನಿನ ಮೇಲೆ ಹತ್ತಿತು. ಬಲಗಡೆ ಕೂತಿದ್ದ ಭಾವ ಹಾರಿ ಹೊಲಕ್ಕೆ ಬಿದ್ದು ಬದುಕಿಕೊಂಡರು. ಎಡಗಡೆ ಕೂತಿದ್ದ ಜೊತೆಗಾರನ ವಿಷಯವನ್ನು ಅವರು ಯಾವತ್ತೂ ಪೂರ್ತಿ ಹೇಳಲಿಲ್ಲ. "ಅವ್ನು ಬೀಡಿ ಹಚ್ಚಕೆ ಕಡ್ಡಿ ಕೇಳ್ದ, ನಾನು ಜೋಬಿಗೆ ಕೈ ಆಕ್ದೆ" ಅನ್ನುವಲ್ಲಿಗೆ ನಿಲ್ಲಿಸಿಬಿಡುತ್ತಿದ್ದರು.

ಪಿಂಚಣಿ ಪಡೆದು ಊರಿಗೆ ಬಂದವರು ಎಲ್ಲರ ಹಾಗೆ ಗದ್ದೆ, ಕಬ್ಬು ನೋಡಿಕೊಂಡು ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಒಂದು ದಿನ ಬೆಳಿಗ್ಗೆ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನೂ ಕುಡಿಯದೆ, ನನ್ನ ಪುಸ್ತಕದ ಹಿಂಬದಿಯ ಮೇಲೆ ಪೆನ್ಸಿಲಿನಿಂದ ಎರಡು ಗೆರೆ ಎಳೆದರು. ಒಂದು ನೆಟ್ಟಗಿನ ಅಡ್ಡಗೆರೆ. ಇನ್ನೊಂದು ದೋಣಿಯ ತಳದ ಹಾಗೆ ಚೂಪಾಗಿ ಕೆಳಕ್ಕಿಳಿದ ಗೆರೆ.

"ಲೇ, ನೀನು ಓದ್ದವ್ನು. ಏಳು. ಕೆಳಗಿಂದ ಏಟು ಬಿದ್ರೆ ಯಾವ್ದು ತಡೀತದೆ?"

"ಏಟು ಅಂದರೆ ಎಂಥ ಏಟು ಭಾವ?"

"ನನ್ ಲಾರಿಗೆ ಬಿತ್ತಲ್ಲ, ಅಂಥ ಏಟು. ಲಾರಿ ತಳ ಊಟದ ತಟ್ಟೆ ಅಂಗೆ ಚಪ್ಪಟೆ. ಬಿದ್ದ ಏಟೆಲ್ಲ ಅದೇ ನುಂಗ್ಕೊಂಡು ಮೇಲಿದ್ದೋನ್ಗೆ ಕೊಡ್ತು. ಇಂಗೆ ಚೂಪಾಗಿದ್ರೆ ಏಟು ಎರಡು ಮಗ್ಗುಲ್ಗೂ ಜಾರ್ಕೊಂಡ್ ಓಯ್ತದೆ ಕಣ್ಲಾ. ಓಯ್ತದೋ ಇಲ್ವೋ?"

ಹೋಗುತ್ತದೆ. ಬಲವನ್ನು ಎರಡು ದಿಕ್ಕಿಗೆ ಒಡೆದು ತೋರಿಸುವ ಲೆಕ್ಕವನ್ನು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ಹೌದು ಎಂದೆ. ಆ ಒಂದು "ಹೌದು" ನನ್ನ ಮುಂದಿನ ಎರಡು ವರ್ಷವನ್ನು ತಿಂದುಹಾಕಿತು.

ಮೈನಿನ ಮೇಲೆ ಹತ್ತಿದರೂ ಒಳಗಿದ್ದವನು ಸಾಯದಂಥ ಗಾಡಿಯೊಂದನ್ನು ಮಾಡಿ, ಓಡಿಸಿ ತೋರಿಸಿ, ಮಿಲಿಟರಿಗೆ ಕೊಡಬೇಕು ಎನ್ನುವುದು ಭಾವನ ಹಠ. ಅವರಿಗೆ ದುಡ್ಡಿನ ಆಸೆ ಇರಲಿಲ್ಲ, ಹೆಸರಿನ ಆಸೆಯೂ ಇರಲಿಲ್ಲ. ಇದ್ದಿದ್ದರೆ ಬುದ್ಧಿ ಹೇಳುವುದು ಸುಲಭವಿತ್ತು. ನಾನು ಮಿಲಿಟರಿಯವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದು, ನಕ್ಷೆ ಎಳೆಯುವುದು, ಲೆಕ್ಕ ಮಾಡುವುದು, ಕೊನೆಗೆ ಆ ಲೆಕ್ಕವನ್ನು ಅವರು ಕಣ್ಣೆತ್ತಿಯೂ ನೋಡದಿರುವುದು, ಇದೇ ನಮ್ಮ ಕೆಲಸವಾಯಿತು. ತಗಡು ಇಷ್ಟು ದಪ್ಪ ಇರಬೇಕು ಎಂದರೆ "ಸಿಕ್ಕಿದ್ದನ್ನ ಆಕ್ತೀನಿ" ಎನ್ನುತ್ತಿದ್ದರು. ಅರ್ಜಿಗಳಿಗೆ ಉತ್ತರ ಬರಲಿಲ್ಲ. "ಬರ್ದೋನು ನೀನು, ನಿನ್ ಇಂಗ್ಲಿಸು ಸರಿ ಇಲ್ಲ" ಎಂದು ಆ ತಪ್ಪನ್ನೂ ನನ್ನ ತಲೆಗೇ ಕಟ್ಟಿದರು.

ಅವರಿಗೆ ಸಿಕ್ಕಿದ್ದು ಆಲೆಮನೆಯ ಹಳೆಯ ಕೊಪ್ಪರಿಗೆಗಳು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ತೆಗೆಯುವ ಆ ದೊಡ್ಡ ಕಬ್ಬಿಣದ ಬಾಣಲೆಗಳು ತಳ ಸುಟ್ಟು ತೂತಾದ ಮೇಲೆ ಆಲೆಮನೆಯ ಹಿಂದೆ ಬೋರಲಾಗಿ ಬಿದ್ದಿರುತ್ತವೆ. ಅಂಥವನ್ನು ಊರೂರು ಸುತ್ತಿ ಒಟ್ಟುಮಾಡಿ, ಎತ್ತಿನ ಗಾಡಿಯಲ್ಲಿ ಮದ್ದೂರಿನ ಒಂದು ವೆಲ್ಡಿಂಗ್ ಶೆಡ್ಡಿಗೆ ಹೇರಿಕೊಂಡು ಹೋದೆವು. ಶೆಡ್ಡಿನವನು ನಮ್ಮನ್ನೂ ಕೊಪ್ಪರಿಗೆಗಳನ್ನೂ ಒಂದೊಂದು ಸಲ ನೋಡಿದ.

"ಏನ್ ಗೌಡ್ರೇ, ಬೆಲ್ಲ ಕಾಯ್ಸಕಾ?"

"ಯುದ್ದಕ್ಕೆ," ಎಂದರು ಭಾವ.

"ಪಾಕಿಸ್ತಾನ್ದೋರ್ಗೆ ಪಾಕ ಉಯ್ಯೀರಾ?"

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಭಾವ ನಗಲಿಲ್ಲ. ಕೊಪ್ಪರಿಗೆಯನ್ನು ಎಲ್ಲಿ ಕತ್ತರಿಸಬೇಕು ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದರು. ವೆಲ್ಡಿಂಗ್ ಶುರುವಾದರೆ ಕರೆಂಟು ಹೋಗುತ್ತಿತ್ತು, ಕರೆಂಟು ಬಂದಾಗ ಶೆಡ್ಡಿನವನು ಹೋಗಿರುತ್ತಿದ್ದ. ಬೆಂಕಿ ತಾಗಿದ ಕಡೆಯೆಲ್ಲ ಕಬ್ಬಿಣಕ್ಕೆ ಅಂಟಿದ್ದ ಹಳೆಯ ಪಾಕ ಕರಗಿ ಸುಟ್ಟ ಬೆಲ್ಲದ ವಾಸನೆ ಏಳುತ್ತಿತ್ತು. ಇರುವೆಗಳು ಸಾಲುಗಟ್ಟಿ ಬಂದವು. ಕಡೆಯವರೆಗೂ ಅವು ಆ ಗಾಡಿಯನ್ನು ಬಿಡಲಿಲ್ಲ. ನಾನು ಅದರೊಳಗೆ ಕೂತು ಅಳತೆ ತೆಗೆಯುವಾಗ ನನ್ನ ಮೈಮೇಲೆಲ್ಲ ಹರಿದಾಡುತ್ತಿದ್ದವು. ಭಾವನಿಗೆ ಮಾತ್ರ ಒಂದೂ ಕಚ್ಚುತ್ತಿರಲಿಲ್ಲ. ಇದೂ ನನಗೆ ಸಿಟ್ಟು ಬರಿಸುತ್ತಿತ್ತು.

ಕೊನೆಗೆ ಒಂದು ಆಕಾರ ಬಂತು. ಕೆಳಗೆ ದೋಣಿಯಂಥ ಹೊಟ್ಟೆ, ಹಳೆಯ ಟ್ರೈಲರಿನ ನಾಲ್ಕು ಚಕ್ರಗಳು ಹೊಟ್ಟೆಯಿಂದ ದೂರಕ್ಕೆ ಚಾಚಿಕೊಂಡಂತೆ, ಮೇಲೆ ತಗಡಿನ ಪೆಟ್ಟಿಗೆ. ಚಕ್ರ ದೂರ ಇದ್ದರೆ ಸ್ಫೋಟವೂ ದೂರದಲ್ಲೇ ಆಗುತ್ತದೆ ಎನ್ನುವುದು ಅವರ ವಾದ. ಎದುರಿಗೆ ನೋಡಲು ಒಂದು ಅಡ್ಡ ಸೀಳು. ಹಿಂದೆ ಒಂದು ಬಾಗಿಲು. ಏಟಿಗೆ ಬಾಗಿಲು ಕಿತ್ತುಹೋಗಬಾರದು ಎಂದು ಅದನ್ನು ಹೊರಗಿನಿಂದ ನಟ್ಟು ಹಾಕಿ ಬಿಗಿಯುವಂತೆ ಮಾಡಿದರು.

"ಒಳಗಿದ್ದವನು ಹೊರಗೆ ಬರೋದು ಹೇಗೆ?" ಎಂದು ಕೇಳಿದೆ.

"ಹೊರಗಿದ್ದೋನು ಬಿಚ್ತಾನೆ."

"ಹೊರಗಿದ್ದವನು ಸತ್ತಿದ್ದರೆ?"

"ಲೇ, ಒಳ್ಳೆ ಮಾತಾಡು."

ಎಂಜಿನ್ ಇರಲಿಲ್ಲ. ಅದನ್ನು ಮಿಲಿಟರಿಯವರೇ ಹಾಕಿಕೊಳ್ಳುತ್ತಾರಂತೆ.

ಮೊದಲು ಸೀಟನ್ನು ತಳಕ್ಕೇ ಬಿಗಿದಿದ್ದರು. ತಳಕ್ಕೆ ಬಿದ್ದ ಏಟು ಸೀಟಿಗೂ ಬರುತ್ತದೆ, ಕೂತವನ ಬೆನ್ನುಮೂಳೆ ಉಳಿಯುವುದಿಲ್ಲ ಎಂದು ನಾನು ಚಿತ್ರ ಬರೆದು ತೋರಿಸಿದೆ. ಕೇಳಲಿಲ್ಲ. ಒಂದು ದಿನ ಅವರ ಮನೆಯ ನಡುಮನೆಯಲ್ಲಿ ಅಕ್ಕ ಒನಕೆಯಿಂದ ಭತ್ತ ಕುಟ್ಟುತ್ತಿದ್ದಳು. ನೆಲ ಅದುರುತ್ತಿತ್ತು, ಗೋಡೆಯ ಪಕ್ಕದ ಕೊಡದಲ್ಲಿ ನೀರು ತುಳುಕುತ್ತಿತ್ತು. ತೊಲೆಯಿಂದ ಇಳಿಬಿಟ್ಟ ತೊಟ್ಟಿಲಿನಲ್ಲಿ ಮಗು ಬಾಯಿ ತೆರೆದುಕೊಂಡು ಮಲಗಿತ್ತು. ಭಾವ ತಟ್ಟೆಯಲ್ಲಿದ್ದ ಮುದ್ದೆ ಮುರಿಯುವುದನ್ನು ನಿಲ್ಲಿಸಿ ತೊಟ್ಟಿಲನ್ನು ನೋಡಿದರು, ಒನಕೆಯನ್ನು ನೋಡಿದರು, ಎಡಗೈಯಿಂದ ನನ್ನ ಬೆನ್ನಿಗೊಂದು ಹಾಕಿದರು.

"ಸೀಟು ನೆಲಕ್ಯಾಕ್ಲಾ ಆಕ್ಬೇಕು? ಮೇಲಿಂದ ನೇತಾಕದು!"

ಆ ಸಂಜೆಯೇ ತೊಟ್ಟಿಲಿನ ಸರಪಳಿ ಬಿಚ್ಚಿಕೊಂಡು ಹೋದರು. ಅಕ್ಕ ಮಗುವಿಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿಕೊಂಡಳು.

ಅಕ್ಕ ಅದುವರೆಗೆ ಎಲ್ಲವನ್ನೂ ಗೊಣಗುತ್ತಲೇ ಸಹಿಸಿಕೊಂಡಿದ್ದಳು. ಗಾಡಿಯನ್ನು ನಿಜವಾದ ಸಿಡಿಮದ್ದಿನ ಮೇಲೆ ಪರೀಕ್ಷೆ ಮಾಡುತ್ತಾರೆ ಎನ್ನುವುದು ಕಿವಿಗೆ ಬಿದ್ದ ದಿನ ನನ್ನನ್ನು ಹಿತ್ತಲಿಗೆ ಕರೆದಳು.

"ಅವ್ರು ಅದ್ರೊಳಗೆ ಕೂತ್ಕೊಂಡೇ ಕೂತ್ಕತಾರೆ ಕಣಪ್ಪ. ನಂಗೊತ್ತು. ರಾತ್ರಿ ಸೂರು ನೋಡ್ಕೊಂಡು ಮನೀಕತಾರೆ, ನಿದ್ದೆ ಮಾಡಲ್ಲ. ಆ ಸತ್ತೋದ್ನಲ್ಲ, ಅವ್ನ ಜಾಗದಲ್ಲಿ ತಾವು ಕೂತು ನೋಡ್ಬೇಕು ಅಂತ ಅವ್ರಿಗೆ. ನೀನು ಇರೋಗಂಟ ಕೂರಕೂಡ್ದು. ಮಗಿನ ಮೇಲೆ ಕೈ ಇಟ್ಟು ಏಳು."

ಮಗುವಿನ ತಲೆಯ ಮೇಲೆ ಕೈ ಇಟ್ಟು ಹೇಳಿದೆ. ಅವತ್ತಿನಿಂದ ನನಗೆ ಇದ್ದದ್ದು ಒಂದೇ ಕೆಲಸ: ಆ ಮನುಷ್ಯ ಆ ಗಾಡಿಯಲ್ಲಿ ಕೂರದಂತೆ ನೋಡಿಕೊಳ್ಳುವುದು.

ಅವರ ಬದಲು ಒಂದು ಕುರಿಯನ್ನು ಕೂರಿಸೋಣ ಎಂದೆ. ಆಶ್ಚರ್ಯವೆಂದರೆ ಒಪ್ಪಿದರು. ಕುರಿ ಎಂದರೆ ಬಂಡೂರಿನದೇ ಆಗಬೇಕು, ಅದು ಗಿಡ್ಡ, ಗಟ್ಟಿ, ಮನುಷ್ಯ ಕೂತಷ್ಟೇ ಎತ್ತರ ಬರುತ್ತದೆ ಎಂದರು. ಮಳವಳ್ಳಿಗೆ ಬಸ್ಸು, ಅಲ್ಲಿಂದ ಬಂಡೂರು. ಕುರಿ ಮಾರುವವನು ಹಲ್ಲು ತೋರಿಸಿ, ಬೆನ್ನು ಒತ್ತಿ ತೋರಿಸಿ, ಕೇಳಿದ:

"ಸಾಕಕಾ, ಕುಯ್ಯಕಾ?"

ನಾನು ಬಾಯಿ ತೆರೆಯುವ ಮೊದಲೇ ಭಾವ, "ಕೂರ್ಸಕೆ" ಎಂದರು.

ಅವನು ಹಗ್ಗವನ್ನು ಹಿಂದಕ್ಕೆ ಎಳೆದುಕೊಂಡ. "ಎಲ್ಲಿಗೆ?"

"ಗಾಡಿ ಒಳಕ್ಕೆ. ಸರಪಳಿ ಸೀಟಿನ ಮೇಲೆ."

"ಅಯ್ಯೋ, ನನ್ನೇ ಕೂರ್ಸಿ ಸ್ವಾಮಿ. ನಾನು ಇದುವರ್ಗೂ ಬಸ್ಸಲ್ಲೇ ಸೀಟು ಕಂಡಿಲ್ಲ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕುರಿ ನನ್ನ ಕಾಲ ಮೇಲೇ ನಿಂತಿತ್ತು.

ಪರೀಕ್ಷೆಗೆ ಊರಾಚೆಯ ಗೋಮಾಳವನ್ನು ಆರಿಸಿಕೊಂಡೆವು. ಕಲ್ಲು ನೆಲ, ಅಲ್ಲಲ್ಲಿ ಬಂಡೆ, ಕೆಳಗೆ ಕಬ್ಬಿನ ಗದ್ದೆ. ಬಾವಿ ತೋಡುವಾಗ ಬಂಡೆ ಸಿಕ್ಕಿದರೆ ಮದ್ದು ಇಟ್ಟು ಒಡೆಯುವ ಒಬ್ಬಾತನನ್ನು ಭಾವ ಕರೆತಂದಿದ್ದರು. ಮಾತು ಕಡಿಮೆ, ಕೆಮ್ಮು ಜಾಸ್ತಿ. ಅವನು ಬೆಳಿಗ್ಗೆಯೇ ನೆಲದಲ್ಲಿ ಮದ್ದು ಹೂತು, ಯಾರೂ ತುಳಿಯದಿರಲಿ ಎಂದು ಸುತ್ತ ಸುಣ್ಣದ ಪುಡಿಯಲ್ಲಿ ಒಂದು ಗುಂಡು ಗೆರೆ ಎಳೆದ. ಮದ್ದಿನಿಂದ ಹೊರಬಂದ ಬತ್ತಿಯನ್ನು ಆಮೇಲೆ ಬಂಡೆಯವರೆಗೆ ಎಳೆದುಕೊಂಡು ಹೋಗುವುದೆಂದು ಸದ್ಯಕ್ಕೆ ಗೆರೆಯೊಳಗೇ ಸುರುಳಿ ಸುತ್ತಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿದ. ಎತ್ತುಗಳು ಗಾಡಿಯನ್ನು ಎಳೆದು ತಂದು ಮುಂದಿನ ಚಕ್ರ ಆ ಗೆರೆಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಲ್ಲಿಸಿದವು. ಮದ್ದಿನ ಮೇಲಕ್ಕೆ ಆಮೇಲೆ ಕೈಯಲ್ಲೇ ತಳ್ಳುವುದೆಂದು ಎತ್ತುಗಳನ್ನು ಬಿಚ್ಚಿ ದೂರಕ್ಕೆ ಹೊಡೆದದ್ದಾಯಿತು. ಕುರಿಯನ್ನು ಸರಪಳಿ ಸೀಟಿಗೆ ಕಟ್ಟಿದ್ದಾಯಿತು.

"ದನಕರು ಮೇಸೋರು ಅವ್ರೆ. ಕೂಗಾಕ್ಬುಟ್ಟು ಬತ್ತೀನಿ. ನಾನು ಬರೋಗಂಟ ಯಾರೂ ಏನೂ ಮುಟ್ಬ್ಯಾಡಿ," ಎಂದು ಹೇಳಿ ಮದ್ದಿನವನು ಕೋಲಿಗೆ ಕಟ್ಟಿದ ಕೆಂಪು ಬಟ್ಟೆ ಹಿಡಿದು ದಿಬ್ಬದಾಚೆ ಇಳಿದ.

ಅವನು ಮರೆಯಾದದ್ದೇ ತಡ, ಊರಿನ ಕಡೆಯಿಂದ ಅಕ್ಕ ಬಂದಳು. ಕೈಯಲ್ಲಿ ಹಿತ್ತಾಳೆಯ ತಟ್ಟೆ, ಹಿಂದೆ ಅಮ್ಮನ ಗುಡಿಯ ಪೂಜಾರಪ್ಪ, ಅವರ ಹಿಂದೆ ಬೀದಿಯ ನಾಲ್ಕಾರು ಹೆಂಗಸರು. ತಟ್ಟೆಯಲ್ಲಿ ಹೂವು, ಕುಂಕುಮ, ನಿಂಬೆಹಣ್ಣು, ಕರ್ಪೂರ.

"ಇದೇನಕ್ಕ?" ಎಂದೆ.

"ಪೂಜೆ ಇಲ್ದೆ ಗಾಡಿ ಮುಂದಕ್ಕೆ ಓಯ್ತದಾ?"

"ಇದು ಮುಂದಕ್ಕೆ ಹೋಗೋ ಗಾಡಿಯಲ್ಲ. ಮೇಲಕ್ಕೆ ಹೋಗೋ ಗಾಡಿ."

"ಬುಡ್ತು ಅನ್ನು. ಅಮ್ಮ ಕಾಯ್ಲಿ ಅಂತ ತಂದಿವ್ನಿ."

ಅಷ್ಟು ದಿನ ಅದನ್ನು ಶನಿ ಎಂದು ಕರೆಯುತ್ತಿದ್ದವಳು ಅದಕ್ಕೇ ಹೂವು ಮುಡಿಸಲು ಬಂದಿದ್ದಳು. ಪೂಜಾರಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಮಾಲೀಕ್ರು ಒಳಗೆ ಕುಂತ್ಕಬೇಕು. ಒಂದ್ಗೇಣು ಮುಂದಕ್ಕೆ ತಳ್ಳಿ ನಿಂಬೆಹಣ್ಣು ಅಪ್ಪಚ್ಚಿ ಮಾಡುದ್ರೆ ದೃಷ್ಟಿ ಎಲ್ಲ ಓಯ್ತದೆ" ಎಂದರು. ಎಲ್ಲ ಹೊಸ ಗಾಡಿಗಳಿಗೂ ಮಾಡುವ ಕ್ರಮವೇ. ಭಾವನ ಮುಖ ಅರಳಿತು. ನಾನು ಅಡ್ಡ ನಿಂತೆ.

"ಅಕ್ಕ, ಇವರು ಕೂರಬಾರದು ಅಂತ ಆಣೆ ಹಾಕಿಸಿದವಳು ನೀನೇ ತಾನೇ?"

"ಪೂಜೆಗೆ ಕೂರೋದು ಬ್ಯಾರೆ, ಮದ್ದಿಗೆ ಕೂರೋದು ಬ್ಯಾರೆ. ಅಷ್ಟೂ ಗೊತ್ತಾಗಲ್ವ ಓದ್ದವ್ನಿಗೆ? ಪೂಜೆ ಮುಗೀಲಿ, ಇಳುಸ್ಬುಡು. ಮದ್ದಿನವ್ನು ಇನ್ನೂ ಬಂದೇ ಇಲ್ಲ."

ಅದು ಸರಿಯಾಗಿಯೇ ಇತ್ತು. ಬೆಂಕಿ ಹಚ್ಚುವವನೇ ಇಲ್ಲದ ಮೇಲೆ ಭಯ ಎಲ್ಲಿಂದ? ಭಾವ ಆಗಲೇ ಹಿಂಬಾಗಿಲಿನಿಂದ ಒಳಗೆ ನುಗ್ಗಿ ಕುರಿಯನ್ನು ಬಿಚ್ಚಿ ಕೆಳಗೆ ನಿಲ್ಲಿಸಿ, ತಾವು ಸರಪಳಿ ಸೀಟಿನಲ್ಲಿ ಕಾಲು ಎತ್ತಿಕೊಂಡು ಕೂತುಬಿಟ್ಟಿದ್ದರು.

"ಬಾಗ್ಲು ಬಿಗಿ."

"ಪೂಜೆಗೆ ಬಾಗಿಲು ಯಾಕೆ ಭಾವ?"

"ಬಾಗ್ಲು ತೆಗ್ದಿದ್ರೆ ಅದು ಗಾಡಿನೇನ್ಲಾ? ಬಿಗಿ ಅಂದ್ರೆ ಬಿಗಿ."

ಬಿಗಿದೆ. ಕೊನೆಯ ನಟ್ಟು ಮುಗಿಯುತ್ತಲೇ ಒಳಗಿನಿಂದ ಕೂಗಿದರು: "ನನ್ ಸ್ಪ್ಯಾನರ್ ಕೊಡು." ಆ ಸ್ಪ್ಯಾನರು ಅವರ ಜೊತೆ ಮಿಲಿಟರಿಯಿಂದ ಬಂದದ್ದು. ಬೇರೆಯವರ ಕೈಯಲ್ಲಿ ಒಂದು ಗಳಿಗೆ ಹೆಚ್ಚು ಇರಗೊಡುತ್ತಿರಲಿಲ್ಲ, ಮಲಗುವಾಗಲೂ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಪಕ್ಕದಲ್ಲೇ ನಿಂತು, ಮುಂದಿನ ಸೀಳಿಗೆ ಕೈ ಚಾಚಿ ತೂರಿಸಿ ಕೊಟ್ಟು, ಮುಖ ತಿರುಗಿಸಿಕೊಂಡು ಗಾಡಿಯ ಹಿಂದಕ್ಕೇ ಹೋಗಿ ನಿಂತೆ. ಮುಂದೆ ಏನು ನಡೆಯುತ್ತಿದೆ ಎಂದು ನೋಡುವ ಮನಸ್ಸೂ ಇರಲಿಲ್ಲ. ಗಂಟೆಯ ಸದ್ದು ಕೇಳಿಸಿತು. ಆಮೇಲೆ ಎಲ್ಲರೂ "ತಳ್ಳು, ತಳ್ಳು" ಎಂದರು. ನಾನೂ ಹಿಂದಿನಿಂದ ಭುಜ ಕೊಟ್ಟೆ. ಗಾಡಿ ನರಳಿಕೊಂಡು ಒಂದು ಗೇಣು ಮುಂದೆ ಹೋಯಿತು. ಹೆಂಗಸರು ಸಂತೋಷದಿಂದ ಕೂಗಿದರು.

ಸರಿ, ಮುಗಿಯಿತಲ್ಲ ಎಂದು ಮುಂದಕ್ಕೆ ಬಂದೆ.

ನಮ್ಮ ಸೀಮೆಯಲ್ಲಿ ಸುಣ್ಣದ ಗೆರೆಯೊಳಗೆ ಒಂದು ಕಲ್ಲು ಕಂಡರೆ ಕುಂಕುಮ ಇಡದೆ ಹಾದುಹೋಗುವ ಕೈ ಇಲ್ಲ. ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ, ಬಾವಿಯ ಬಾಯಲ್ಲಿ ದೇವರು ಇರುವುದೇ ಹಾಗೆ. ಮದ್ದಿನವನು ಹೇರಿದ್ದ ಕಲ್ಲಿಗೆ ಕುಂಕುಮ ಮೆತ್ತಿತ್ತು, ತಲೆಯ ಮೇಲೆ ಹೂವು ಕೂತಿತ್ತು. ಪೂಜೆಗೆಂದೇ ನಾವು ಗೆರೆ ಬರೆದು ಕಲ್ಲು ನಿಲ್ಲಿಸಿದ್ದೇವೆ ಎಂದು ಅಕ್ಕ ತಿಳಿದಿದ್ದಳು. ನಿಂಬೆಹಣ್ಣು ಗೆರೆಯೊಳಗೇ ಚಪ್ಪಟೆಯಾಗಿತ್ತು, ಚಕ್ರ ಅದರ ಮೇಲೆ ನಿಂತಿತ್ತು. ಕಲ್ಲಿನ ಬುಡದಲ್ಲಿ, ಗಾಳಿ ತಾಗದ ಮಗ್ಗುಲಿನಲ್ಲಿ, ಕರ್ಪೂರ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಬೇರೆಯದೇ ಒಂದು ಹೊಗೆ. ತೆಳ್ಳಗೆ, ಜೋರಾಗಿ, ಸುಯ್ಯೆಂದು ಸದ್ದು ಮಾಡುತ್ತ ಕಲ್ಲಿನ ಕೆಳಗಿನಿಂದ ಬರುತ್ತಿತ್ತು.

ನನಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಮೊದಲು ಬಂದ ಯೋಚನೆ, ಊದುಬತ್ತಿಯನ್ನೂ ಹಚ್ಚಿದ್ದಾರಾ ಎನ್ನುವುದು. ಆ ಪೆದ್ದು ಯೋಚನೆ ಪೂರ್ತಿಯಾಗುವ ಮೊದಲೇ ದಿಬ್ಬದ ಮೇಲೆ ಕೆಂಪು ಬಟ್ಟೆ ಕಂಡಿತು. ಮದ್ದಿನವನು ಓಡಿಬರುತ್ತಿದ್ದ. ಜನ್ಮದಲ್ಲಿ ಜೋರಾಗಿ ಮಾತಾಡದವನು ಕಿರುಚುತ್ತಿದ್ದ.

"ಬತ್ತಿ ಅತ್ಕೊಂಡದೆ! ಬುಟ್ಟು ಓಡ್ರೋ!"

ಹೆಂಗಸರು ಚದುರಿದರು. ಪೂಜಾರಪ್ಪ ಗಂಟೆ ಹಿಡಿದೇ ಓಡಿದರು, ಗಂಟೆ ಅವರ ಜೊತೆ ದೂರದವರೆಗೂ ಗಣಗಣಿಸುತ್ತಾ ಹೋಯಿತು. ಬತ್ತಿಯನ್ನು ಕಿತ್ತೆಸೆಯೋಣವೆಂದರೆ ಅದು ಮದ್ದಿಗೆ ಇಳಿಯುವ ಕಡೆ ಚಕ್ರವನ್ನು ನಾವೇ ಹತ್ತಿಸಿದ್ದೆವು. ನಾನು ಸೀಳಿಗೆ ಬಾಯಿಟ್ಟು ಕೂಗಿದೆ.

"ಭಾವ, ಸ್ಪ್ಯಾನರ್! ಸ್ಪ್ಯಾನರ್ ಕೊಡಿ!"

"ಯಾಕ್ಲಾ?"

"ಬತ್ತಿ ಹತ್ತಿದೆ! ಕೊಡಿ!"

ಸೀಳಿನೊಳಗೆ ಕೈ ತೂರಿಸಿ ಬೆರಳು ಬಿಡಿಸಿದೆ. ಒಳಗೆ ಕತ್ತಲೆ, ಸುಟ್ಟ ಬೆಲ್ಲದ ವಾಸನೆ, ಕುರಿಯ ಉಸಿರು. ಅವರ ಮುಖ ಕಾಣಿಸಲಿಲ್ಲ, ಕಣ್ಣು ಕಂಡವು. ಅವರ ಕೈಯಲ್ಲಿದ್ದ ಸ್ಪ್ಯಾನರೂ ಕಂಡಿತು, ನನ್ನ ಬೆರಳಿಗೆ ಒಂದು ಮೊಳ ದೂರದಲ್ಲಿ. ಅವರು ಅದನ್ನು ಎದೆಗೆ ಒತ್ತಿಕೊಂಡರು.

"ಅಕ್ಕುನ್ನ ಎಳ್ಕೊಂಡ್ ಓಗು."

"ಭಾವ!"

"ನಾನು ಕುಂತಿವ್ನಿ. ನೀನು ಓಗ್ಲಾ."

ಅಕ್ಕ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಅವಳನ್ನು ಸೊಂಟಕ್ಕೆ ಹಿಡಿದು ಎಳೆದೆ. ಅವಳು ತಟ್ಟೆಯಿಂದಲೇ ನನ್ನ ತಲೆಗೆ ಬಡಿಯುತ್ತ "ಬುಡೋ, ಬುಡೋ" ಎಂದು ಕಿರುಚುತ್ತಿದ್ದಳು. ಅರ್ಧ ದಾರಿಯಲ್ಲಿ ಮದ್ದಿನವನು ಸಿಕ್ಕಿ ಅವಳ ಇನ್ನೊಂದು ರಟ್ಟೆ ಹಿಡಿದ. ಬಂಡೆಯ ಹಿಂದೆ ಮೂವರೂ ಒಬ್ಬರ ಮೇಲೊಬ್ಬರು ಬಿದ್ದೆವು.

ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಬಂತು. ಆಮೇಲೆ ಮಣ್ಣು, ಕಲ್ಲು, ಇನ್ನೂ ಮಣ್ಣು. ಎಷ್ಟೋ ಹೊತ್ತಾದ ಮೇಲೆ ಕೆಳಗಿನ ಕಬ್ಬಿನ ಗದ್ದೆಯಲ್ಲಿ ಏನೋ ದೊಡ್ಡದು ಬಿದ್ದು ಉರುಳಿತು. ಅದು ಮುಂದಿನ ಚಕ್ರ.

ನಾನು ಎದ್ದು ನೋಡಿದಾಗ ಗಾಡಿ ಮಗ್ಗುಲಾಗಿ ಮಲಗಿತ್ತು, ಹೊಟ್ಟೆ ನಮ್ಮ ಕಡೆಗೆ. ಕೊಪ್ಪರಿಗೆಯ ಒಂದು ಕಡೆ ಒಳಕ್ಕೆ ತಗ್ಗಿತ್ತು. ಹರಿದಿರಲಿಲ್ಲ. ಅಕ್ಕನಿಗೆ ಅಳುವುದಕ್ಕೂ ಉಸಿರಿರಲಿಲ್ಲ. ಮದ್ದಿನವನು ನೆಲಕ್ಕೆ ಕೂತು ಕೆಮ್ಮುತ್ತಿದ್ದ. ಆ ಧೂಳಿನಲ್ಲಿ, ಸೀಳಿನಿಂದ ಒಂದು ಕೈ ಹೊರಗೆ ಬಂತು. ಆ ಕೈಯಲ್ಲಿ ಸ್ಪ್ಯಾನರ್ ಇತ್ತು.

"ತಗೋ," ಎಂದಿತು ಒಳಗಿನ ದನಿ. "ಈಗ ಬಿಚ್ಚು."

ನಾನು ಎರಡು ಸಲ ಇಟ್ಟರೂ ನಟ್ಟಿಗೆ ಸ್ಪ್ಯಾನರು ಕೂರಲಿಲ್ಲ. ಮದ್ದಿನವನು ಕಿತ್ತುಕೊಂಡು ಬಿಚ್ಚಿದ. ಭಾವ ತೆವಳಿಕೊಂಡು ಹೊರಬಂದರು. ಎಡ ಕಿವಿಯಿಂದ ರಕ್ತ ಇಳಿದು ಅಂಗಿಯ ಕೊರಳು ನೆನೆದಿತ್ತು. ಎದ್ದು ನಿಂತರು. ಕಾಲು ಎರಡನ್ನೂ ಒಂದೊಂದಾಗಿ ಎತ್ತಿ ಒದರಿ ನೋಡಿಕೊಂಡರು. ಮತ್ತೆ ಒಳಕ್ಕೆ ಬಗ್ಗಿ ಕುರಿಯನ್ನು ಎಳೆದರು. ಕೆಳಗೆ ನಿಂತಿದ್ದ ಕುರಿ ಸತ್ತಿತ್ತು. ಅವರು ಮಂಡಿಯೂರಿ ಕೂತು ಅದರ ನಾಲ್ಕು ಕಾಲನ್ನೂ ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಮೂಳೆಗಳು ಚೂರಾಗಿದ್ದವು.

"ನೋಡ್ದಾ? ನೆಲದ ಮೇಲಿದ್ದುದ್ದು ಓಯ್ತು. ನೇತಾಡ್ತಿದ್ದುದ್ದು ಉಳ್ಕೊಂಡ್ತು. ಬರ್ಕೊಳ್ಲಾ, ಮರ್ತೋಯ್ತೀಯ!"

ಎಡ ಕಿವಿ ಹೋದದ್ದರಿಂದ ಕಿರುಚಿಯೇ ಹೇಳಿದರು. ಮುಖದ ತುಂಬ ನಗು. ಅಂಥ ನಗುವನ್ನು ಅವರ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಅವರನ್ನು ಹೊಡೆಯಬೇಕು ಎನ್ನಿಸಿತು. ಕೈ ಎತ್ತಿದ್ದೆ ಕೂಡ, ಮದ್ದಿನವನು ಹಿಡಿದುಕೊಂಡ.

ಅಕ್ಕ ಹತ್ತಿರ ಬಂದಳು. ಸೆರಗಿನಿಂದ ಅವರ ಕಿವಿಯ ರಕ್ತ ಒರೆಸಿದಳು. ಕುಂಕುಮ ಇಟ್ಟ ಕಲ್ಲು ಇದ್ದ ಜಾಗದಲ್ಲಿ ಈಗ ಇದ್ದ ಗುಂಡಿಯನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು. ಮನೆಗೆ ಬಂದ ಮೇಲೂ ಭಾವ ಮಾತು ನಿಲ್ಲಿಸಲಿಲ್ಲ. ಮುಂದಿನ ಗಾಡಿಯ ಹೊಟ್ಟೆ ಇನ್ನೂ ಚೂಪಾಗಬೇಕು, ಬಾಗಿಲು ಮೇಲ್ಗಡೆ ಇರಬೇಕು, ಇನ್ನೂ ಜಾಸ್ತಿ ಮದ್ದು ಇಟ್ಟು ನೋಡಬೇಕು ಎಂದು ಊಟದ ತಟ್ಟೆಯ ಮುಂದೆ ಕೂತು ಹೇಳುತ್ತಿದ್ದರು. ಅಕ್ಕ ಮುದ್ದೆ ಬಡಿಸಿ, ಸಾರು ಹಾಕಿ, ಜೋಳಿಗೆಯಿಂದ ಮಗುವನ್ನು ಎತ್ತಿಕೊಂಡು ಬಂದು ಅವರ ಬಲಗಡೆ, ಕೇಳುವ ಕಿವಿಯ ಕಡೆ, ಕೂತಳು.

"ಮಾಡಿ. ಮುಂದಿನ ಸಲ ಮೂರು ಸೀಟು ನೇತಾಕಿ. ನಿಮ್ಗೊಂದು, ನಂಗೊಂದು, ಈ ಮಗಿಗೊಂದು. ಮೂವರೂ ಕೂರವ."

ಭಾವ ನಕ್ಕರು. ಅಕ್ಕ ನಗಲಿಲ್ಲ.

"ಯಾಕೆ, ಉಳ್ಕೊಳಕಿಲ್ವ ನಾವು? ನೀವು ಉಳ್ಕೊಂಡ್ರಲ್ಲ?"

ಅವರು ಮಗುವನ್ನು ನೋಡಿದರು. ಮೇಲೆ ತೊಲೆಯ ಕಡೆ, ತೊಟ್ಟಿಲಿನ ಸರಪಳಿ ಇರಬೇಕಾದ ಕೊಂಡಿಗಳನ್ನು ನೋಡಿದರು. ತುಟಿ ಅಲ್ಲಾಡುತ್ತಿತ್ತು. ಎರಡು ವರ್ಷ ಲೆಕ್ಕವನ್ನೆಲ್ಲ ನನ್ನ ಮೇಲೆ ಹಾಕಿದ್ದ ಮನುಷ್ಯ ಅವತ್ತು ತಾವೇ ಏನೋ ಲೆಕ್ಕ ಹಾಕುತ್ತಿದ್ದರು. ತಟ್ಟೆಯಲ್ಲಿ ಮುದ್ದೆ ಹಾಗೇ ಆರಿತು. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಗೋಮಾಳಕ್ಕೆ ಹೋಗಿ ಉಳಿದ ಚಕ್ರಗಳನ್ನು ಬಿಚ್ಚಿ, ತೊಟ್ಟಿಲಿನ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದರು.

ಅಲ್ಲಿಂದ ಮುಂದೆ ಯಾವ ಗಾಡಿಯನ್ನೂ ಅವರು ಮಾಡಲಿಲ್ಲ. ಕೊಪ್ಪರಿಗೆಯ ಹೊಟ್ಟೆ ಹಟ್ಟಿಗೆ ಬಂದು ಎತ್ತುಗಳು ನೀರು ಕುಡಿಯುವ ಬಾನಿಯಾಯಿತು. ತಗ್ಗಿದ ಕಡೆ ನೀರು ನಿಂತು ಪಾಚಿ ಕಟ್ಟುತ್ತಿತ್ತು. ನನಗೆ ಮಳವಳ್ಳಿಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ರಜೆಗೆ ಹೋದಾಗಲೆಲ್ಲ ಆ ಬಾನಿಯ ಅಂಚಿನ ಮೇಲೆ ಇಬ್ಬರೂ ಕೂರುತ್ತಿದ್ದೆವು. ಹೋದಾಗಲೆಲ್ಲ ಅದನ್ನೇ ಕೇಳುತ್ತಿದ್ದೆ.

"ಭಾವ, ಅವತ್ತು ಸ್ಪ್ಯಾನರ್ ಯಾಕೆ ಕೊಡಲಿಲ್ಲ? ಬಿಚ್ಚೋಕೆ ಹೊತ್ತಿಲ್ಲ, ನಾನೂ ಸಾಯ್ತೀನಿ ಅಂತಲಾ? ಇಲ್ಲ ನೋಡೇಬಿಡೋಣ ಅಂತಲಾ?"

ಬಲಗಡೆ ಕೂತು ಕೇಳಿದರೆ ಎದ್ದು ಎತ್ತಿನ ಮೈ ತಿಕ್ಕಲು ಹೋಗುತ್ತಿದ್ದರು. ಒಂದು ಸಲ ದಾರಿಗೆ ಅಡ್ಡ ನಿಂತು, ಹೇಳುವವರೆಗೂ ಬಿಡುವುದಿಲ್ಲ ಎಂದೆ. ಭಾವ ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಆಮೇಲೆ ನಿಧಾನವಾಗಿ ತಲೆ ಹೊರಳಿಸಿ, ಎಡ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು.

"ಏನ್ಲಾ ಅಂದೆ? ಗಟ್ಟಿಯಾಗಿ ಏಳು. ಕೇಳ್ನಿಲ್ಲ."